ಒಂದು ಹಲ್ಲು ಆಚೀಚೆ

೨ ಸೆಪ್ಟೆಂಬರ್ ೧೯೯೧

ಮಾವನಿಗೆ ನಮಸ್ಕಾರ.

ಎರಡು ವರ್ಷ ಕಾಗದ ಬರೆಯದವಳು ಈಗ ಬರೆದಿದ್ದಾಳೆ ಎಂದರೆ ಏನೋ ಕೆಲಸ ಬಿದ್ದಿರಬೇಕು ಎಂದು ಲಕೋಟೆ ಒಡೆಯುವ ಮೊದಲೇ ಅಂದುಕೊಂಡಿರುತ್ತೀರಿ. ಸರಿಯಾಗಿಯೇ ಅಂದುಕೊಂಡಿದ್ದೀರಿ.

ನಮ್ಮ ಆಸ್ಪತ್ರೆಗೆ ಒಂದೇ ಒಂದು ಲಾರಿ. ನಾಲ್ಕೂ ಚಕ್ರಕ್ಕೆ ಎಳೆತ ಇರುವಂಥದ್ದು. ಹೊಳೆ ಮಧ್ಯೆ ನಿಂತರೆ ಏಳುವುದಿಲ್ಲ ಅಂತ ಎಲ್ಲರೂ ಅದನ್ನು ಎಮ್ಮೆ ಎನ್ನುತ್ತಾರೆ. ಪ್ರತಿ ಗುರುವಾರ ನರ್ಸಮ್ಮನನ್ನೂ ಔಷಧದ ಪೆಟ್ಟಿಗೆಗಳನ್ನೂ ಹೊತ್ತುಕೊಂಡು ಹೊಳೆ ದಾಟುವುದು ಅದರ ಕೆಲಸ, ಓಡಿಸುವುದು ನನ್ನ ಕೆಲಸ. ಆಚೆ ದಡದಲ್ಲಿ ಕಲ್ಲು ಒಡೆಯುವವರ ನಲವತ್ತು ಮನೆಗಳಿವೆ. ಸೇತುವೆ ಇಲ್ಲ.

ಕಳೆದ ತಿಂಗಳು ಎಮ್ಮೆಯ ಟ್ರಾನ್ಸ್‌ಫರ್ ಕೇಸ್ ಒಡೆಯಿತು. ಗೇರ್‌ಬಾಕ್ಸಿನ ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚಿಕೊಡುವ ಡಬ್ಬಿಯೇ ಹೋದ ಮೇಲೆ ಇನ್ನೇನು. ಹೊಸದು ಬರಲು ಆರು ತಿಂಗಳು ಎಂದರು. ನಾನು ಕಾಯಲಿಲ್ಲ. ಶೆಡ್ಡಿನ ಹಿಂದೆ ಬೇರೆ ಜಾತಿಯ ಒಂದು ಲಾರಿ ಸತ್ತು ಬಿದ್ದಿತ್ತು. ಅದರ ಡಬ್ಬಿ ಬಿಚ್ಚಿ, ತೊಳೆದು, ಬೇರಿಂಗು ಬದಲಿಸಿ, ನಡುವೆ ಒಂದು ದಪ್ಪ ತಗಡು ಕೊರೆದು ಕೂರಿಸಿ, ಇದಕ್ಕೆ ಜೋಡಿಸಿದೆ. ಒಂದು ಹನಿ ಎಣ್ಣೆಯೂ ಸೋರುತ್ತಿಲ್ಲ. ನೀವು ನೋಡಿದ್ದರೆ ಒಂದು ತಪ್ಪು ಹುಡುಕಲು ಅರ್ಧ ದಿನ ಬೇಕಾಗುತ್ತಿತ್ತು.

ಈಗ ತೊಂದರೆ ಒಂದೇ. ಹೊಸ ಡಬ್ಬಿ ಹಳೆಯದಕ್ಕಿಂತ ಹಿಂದಕ್ಕೆ ಸುಮಾರು ಒಂದು ಗೇಣು ಉದ್ದ. ಅಲ್ಲಿಂದ ಹಿಂದಿನ ಆಕ್ಸೆಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟು ಅಷ್ಟೇ ಗಿಡ್ಡವಾಗಬೇಕು. ಕತ್ತರಿಸಿ, ನೇರವಾಗಿ ಬೆಸೆದು, ತಿರುಗಿಸಿ ತೂಕ ಸರಿದೂಗಿಸುವ ಕೈ ನನಗೆ ಗೊತ್ತಿರುವುದು ಒಂದೇ. ಹಳೆಯ ಶಾಫ್ಟನ್ನು ನಾಳೆಯ ಬಸ್ಸಿನ ಮೇಲೆ ಹಾಕುತ್ತಿದ್ದೇನೆ. ಅಳತೆ: ಈ ಮುಖದಿಂದ ಆ ಮುಖಕ್ಕೆ ೧೨೧೪ ಮಿಲಿಮೀಟರ್. ಶಾಫ್ಟಿನ ಇಳಿಜಾರು ಹತ್ತೊಂಬತ್ತು ಡಿಗ್ರಿ. ಬಡಗಿಯ ಕೋನಮಾಪಕಕ್ಕೆ ತೂಗುಗುಂಡು ಕಟ್ಟಿ ಅಳೆದೆ, ಎರಡು ಸಲ.

ಅವಸರವೇನಿಲ್ಲ. ಅಕ್ಟೋಬರ್ ಹತ್ತರೊಳಗೆ ಓಡಿದರೆ ಸಾಕು.

ಆಫೀಸಿನ ಫೋನಿನಲ್ಲಿ ಮಾತಾಡಿದರೆ ಗುಮಾಸ್ತರಿಂದ ಕಾವಲುಗಾರನವರೆಗೆ ಎಲ್ಲರೂ ಕೇಳಿಸಿಕೊಳ್ಳುತ್ತಾರೆ, ಅದಕ್ಕೇ ಕಾಗದ. ಅತ್ತೆಯ ಹೊಲಿಗೆ ಯಂತ್ರ ಇನ್ನೂ ವರ್ಕ್‌ಶಾಪಿನ ಮುಂದಿನ ಕಿಟಕಿಯಲ್ಲೇ ಇದೆಯೇ? ಕೇಳಿದೆ ಅಂತ ಹೇಳಿ.

ನಿಮ್ಮ ಅಕ್ಕನ ಮಗಳು


೯ ಸೆಪ್ಟೆಂಬರ್ ೧೯೯೧

ಮರಿ,

ಕಾಗದ ಬಂತು. ಶಾಫ್ಟೂ ಬಂತು.

ನಿನ್ನ ಅಳತೆ ತಪ್ಪು. ನೆಲದ ಮೇಲೆ ನಿಂತ ಲಾರಿಗೆ ಹತ್ತೊಂಬತ್ತು ಡಿಗ್ರಿ ಬರುವುದಿಲ್ಲ. ಚಾಸಿಯ ಕೆಳಗೆ ದಿಮ್ಮಿ ಕೊಟ್ಟು ಎತ್ತಿ, ಚಕ್ರ ಜೋತಾಡುವಾಗ ಅಳೆದಿದ್ದೀಯ. ಆಗ ಆಕ್ಸೆಲ್ ಕೆಳಕ್ಕಿರುತ್ತದೆ, ಅಂತರ ಹೆಚ್ಚು ತೋರಿಸುತ್ತದೆ. ಆ ಅಳತೆಗೆ ಮಾಡಿದರೆ ಮೊದಲ ಬಂಡೆಯ ಮೇಲೆ ಚಕ್ರ ಹತ್ತಿದಾಗ ಶಾಫ್ಟು ಹೋಗಿ ನಿನ್ನ ಡಬ್ಬಿಯ ಹೊಟ್ಟೆಗೆ ಗುದ್ದುತ್ತದೆ.

ಇಳಿಸು. ಯಾವಾಗಲೂ ಒಯ್ಯುವಷ್ಟು ಭಾರ ಹಾಕು. ಹತ್ತು ಹೆಜ್ಜೆ ಹಿಂದೆ ಮುಂದೆ ತಳ್ಳಿ, ಸ್ಪ್ರಿಂಗ್ ಕೂತ ಮೇಲೆ ಅಳೆ. ಎರಡು ತುದಿಯ ಮುಖಗಳ ಓರೆಯನ್ನೂ ಬರೆ.

ಮಾವ


೧೩ ಸೆಪ್ಟೆಂಬರ್ ೧೯೯೧

ಮಾವನಿಗೆ,

ನೀವು ಹೇಳಿದ್ದೇ ನಿಜ. ದಿಮ್ಮಿಯ ಮೇಲೇ ಅಳೆದಿದ್ದೆ. ಶೆಡ್ಡಿನ ನೆಲ ಮಣ್ಣು, ಲಾರಿಯ ಕೆಳಗೆ ನುಸುಳುವಷ್ಟು ಜಾಗವಿಲ್ಲ, ಎತ್ತಿದಾಗಲೇ ಅಳೆದು ಮುಗಿಸೋಣ ಎನ್ನಿಸಿತು. ನಾನೂರು ಕಿಲೋಮೀಟರ್ ದೂರದಲ್ಲಿ ಕೂತು ಒಂದು ಸಂಖ್ಯೆ ನೋಡಿ ಕಳ್ಳತನ ಹಿಡಿಯುವ ನಿಮ್ಮನ್ನು ಪೊಲೀಸರು ಯಾಕೆ ಕರೆದುಕೊಂಡಿಲ್ಲವೋ.

ನೆಲದ ಮೇಲೆ, ಔಷಧದ ಪೆಟ್ಟಿಗೆ, ನೀರಿನ ಎರಡು ಡ್ರಮ್ಮು, ಹಿಂದೆ ಆರು ಜನರನ್ನು ಕೂರಿಸಿ ಅಳೆದದ್ದು: ೧೧೮೬. ಇಳಿಜಾರು ಹನ್ನೊಂದು. ಡಬ್ಬಿಯ ಮುಖದ ಓರೆ ನಾಲ್ಕು ಡಿಗ್ರಿ, ಆಕ್ಸೆಲ್ ಕಡೆ ಮೂರೂವರೆ, ಎರಡೂ ಒಂದೇ ದಿಕ್ಕಿಗೆ. ನರ್ಸಮ್ಮ ತೂಕಕ್ಕೆ ತಾನೂ ಹತ್ತಿ ಕೂತಿದ್ದಳು. "ನನ್ನ ತೂಕ ಮಾತ್ರ ಕಾಗದದಲ್ಲಿ ಬರೀಬೇಡ" ಎಂದಳು. ಬರೆದಿಲ್ಲ.

ಒಂದು ಮಾತು. ನಿಮ್ಮ ಕಾಗದ ಹನ್ನೆರಡು ಸಾಲು, ಅಕ್ಷರವೋ ಕೋಳಿ ಕೆದಕಿದ ಹಾಗೆ. ಮೊದಲೆಲ್ಲ ನಿಮ್ಮ ಅಕ್ಷರ ಬೋರ್ಡಿಗೆ ಬರೆದಂತೆ ಇರುತ್ತಿತ್ತು. ನಾನು ಹೇಗಿದ್ದೇನೆ ಎಂಬ ಒಂದು ಮಾತೂ ಇಲ್ಲ. ಕೋಪ ಇನ್ನೂ ಇಳಿದಿಲ್ಲ ಅಂತ ಅರ್ಥ ಮಾಡಿಕೊಂಡೆ. ಇರಲಿ, ನನ್ನದೂ ಪೂರ್ತಿ ಇಳಿದಿಲ್ಲ. ಆರು ವರ್ಷ ನಿಮ್ಮ ವರ್ಕ್‌ಶಾಪಿನಲ್ಲಿ ಇಂಜಿನ್ ಇಳಿಸಿದೆ, ಲೇತ್ ಓಡಿಸಿದೆ. ವೆಲ್ಡಿಂಗ್ ಹೋಲ್ಡರ್ ಮಾತ್ರ ಒಂದು ದಿನ ಕೈಗೆ ಕೊಡಲಿಲ್ಲ. "ಈ ಅಂಗಡಿಯಿಂದ ಹೋಗೋ ಬೆಸುಗೆ ನನ್ನ ಕೈಯದ್ದೇ ಆಗಬೇಕು" ಎಂದಿರಿ. ಸರಿ, ನಿಮ್ಮ ಅಂಗಡಿ, ನಿಮ್ಮ ಮಾತು. ಅದಕ್ಕೇ ನಾನು ನನ್ನ ದಾರಿ ಹಿಡಿದೆ. ಈಗ ನೋಡಿ, ಅದೇ ಕೈಯ ಬೆಸುಗೆ ಬೇಕು ಎಂದು ನಾನೇ ಕೇಳುತ್ತಿದ್ದೇನೆ. ನನಗೆ ನಾಚಿಕೆಯಿಲ್ಲ, ಕೆಲಸ ಆಗಬೇಕು.

ಬೇಗ ಕಳಿಸಿ.


೨೪ ಸೆಪ್ಟೆಂಬರ್ ೧೯೯೧

ಮರಿ,

ಶಾಫ್ಟು ಇವತ್ತಿನ ಬಸ್ಸಿಗೆ ಹಾಕಿದೆ. ಗೋಣಿಯಲ್ಲಿ ಸುತ್ತಿದೆ. ಕಂಡಕ್ಟರ್ ಪರಿಚಯದವನು, ಎಸೆಯುವುದಿಲ್ಲ.

ನಡುವೆ ಜಾರುವ ತುದಿ ಇದೆಯಲ್ಲ, ಹಲ್ಲುಹಲ್ಲು ಇರುವುದು, ಅದು ಒಳಗೆ ಹೋಗಲು ಎರಡು ಬೆರಳಷ್ಟು ಜಾಗ ಬಿಟ್ಟಿದೆ. ಗ್ರೀಸ್ ತುಂಬಿಯೇ ಕಳಿಸಿದೆ. ಬಿಚ್ಚಬೇಡ. ಬಂದ ಹಾಗೇ ಕಟ್ಟು.

ಬೋಲ್ಟು ಹೊಸವು ಇಟ್ಟಿದೆ. ಹಳೆಯವನ್ನು ಹಾಕಬೇಡ.

ನಾನು ಚೆನ್ನಾಗಿದ್ದೇನೆ.

ಮಾವ


೩೦ ಸೆಪ್ಟೆಂಬರ್ ೧೯೯೧

ಮಾವನಿಗೆ,

ಸುತ್ತಿ ಬಳಸಿ ಹೇಳುವುದಿಲ್ಲ. ಶಾಫ್ಟು ನಡುಗುತ್ತಿದೆ.

ಶನಿವಾರ ಕಟ್ಟಿದೆ. ನೀವು ಹಚ್ಚಿದ ಗ್ರೀಸಿಗೆ ದಾರಿಯ ಧೂಳು ಮೆತ್ತಿತ್ತು, ಬಿಚ್ಚಿ ಒರೆಸಿ ಹೊಸ ಗ್ರೀಸ್ ಹಚ್ಚಿ ಮತ್ತೆ ಸೇರಿಸಿದೆ. ಉದ್ದ ಕೂದಲೆಳೆಯಷ್ಟೂ ಹೆಚ್ಚುಕಮ್ಮಿಯಿಲ್ಲ. ಬೋಲ್ಟುಗಳು ತಾವಾಗಿ ಒಳಗೆ ಹೋದವು. ಇಪ್ಪತ್ತರವರೆಗೆ ಬೆಣ್ಣೆ. ನಲವತ್ತಕ್ಕೆ ಹೋದರೆ ಕ್ಯಾಬಿನ್ನಿನ ನೆಲ ಗಡಗಡ, ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣುವುದಿಲ್ಲ. ಐವತ್ತಕ್ಕೆ ಹೋಗುವ ಧೈರ್ಯ ಮಾಡಲಿಲ್ಲ. ಈ ನಡುಕದಲ್ಲಿ ಓಡಿಸಿದರೆ ತಿಂಗಳೊಳಗೆ ಡಬ್ಬಿಯ ಬೇರಿಂಗು ಪುಡಿಯಾಗುತ್ತದೆ.

ಶಾಫ್ಟು ಇಳಿಸಿ ನೋಡಿದೆ. ಬೆಸುಗೆಯ ಮೇಲಿನ ಬಣ್ಣ ಕೆರೆದೆ. ಮಾವ, ಆ ಬೆಸುಗೆ ನಿಮ್ಮದಲ್ಲ. ನಿಮ್ಮದು ದಪ್ಪ, ಹಗ್ಗ ಸುತ್ತಿದ ಹಾಗೆ ಇರುತ್ತದೆ, ಕತ್ತಲಲ್ಲಿ ಬೆರಳಾಡಿಸಿದರೂ ನನಗೆ ಗೊತ್ತಾಗುತ್ತದೆ. ಇದು ತೆಳು, ಒಂದೇ ಸಮ, ಬಟ್ಟೆಯ ಅಂಚು ಮಡಿಸಿ ಹೊಲಿದ ಹಾಗೆ. ಯಾರನ್ನು ಇಟ್ಟುಕೊಂಡಿದ್ದೀರಿ? ಆರು ವರ್ಷ ದುಡಿದ ನನಗೆ ಕೊಡದ ಹೋಲ್ಡರನ್ನು ಯಾವನೋ ಹೊಸಬನ ಕೈಗೆ ಕೊಟ್ಟು, ಅವನ ಮೊದಲ ಕೆಲಸವನ್ನು ನನ್ನ ಲಾರಿಗೇ ಕಟ್ಟಿಸಿದಿರಾ?

ಹೇಳದೆ ಮುಚ್ಚಿಟ್ಟದ್ದು ಒಂದು ನನ್ನ ಕಡೆಯೂ ಇದೆ, ಹೇಳಿಬಿಡುತ್ತೇನೆ. ಆಸ್ಪತ್ರೆಯ ಆಡಳಿತ ನೋಡುವ ಸಾಹೇಬರು ಎಮ್ಮೆಯನ್ನು ಗುಜರಿಗೆ ಹಾಕಿ, ಗುರುವಾರದ ಸುತ್ತನ್ನೇ ನಿಲ್ಲಿಸಬೇಕೆಂದು ಮೇಲಿನವರಿಗೆ ಬರೆದಿದ್ದರು. ನಾನು ಅವರ ಮೇಜಿನ ಮುಂದೆ ನಿಂತು, ಹತ್ತನೇ ತಾರೀಕು ಲಾರಿ ಓಡದಿದ್ದರೆ ಕೆಲಸ ಬಿಡುತ್ತೇನೆ ಎಂದು ಬರೆದು ಸಹಿ ಹಾಕಿ ಕೊಟ್ಟಿದ್ದೇನೆ. ಅವಸರವಿಲ್ಲ ಎಂದದ್ದು ಸುಳ್ಳು. ನಿಮ್ಮ ಕೈಯ ಮೇಲೆ ಅಷ್ಟು ನಂಬಿಕೆ ಇತ್ತು, ಅದಕ್ಕೇ ಹೇಳುವ ಅಗತ್ಯ ಕಾಣಲಿಲ್ಲ.

ಯಾರ ಬೆಸುಗೆ ಇದು? ಅದನ್ನಾದರೂ ಹೇಳಿ.


೪ ಅಕ್ಟೋಬರ್ ೧೯೯೧

ಮರಿ,

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಇದನ್ನು ನಾಲ್ಕು ಸಲ ಕೂತು ಬರೆದಿದ್ದೇನೆ. ಮೊದಲು ಲಾರಿಯ ವಿಷಯ, ಆಮೇಲೆ ಉಳಿದದ್ದು.

ಬಿಚ್ಚಬೇಡ ಎಂದಿದ್ದೆ. ಬಿಚ್ಚಿದೆ ಎಂದು ನೀನೇ ಬರೆದಿದ್ದೀಯ. ಶಾಫ್ಟಿನ ಎರಡು ತುದಿಯಲ್ಲೂ ಒಂದೊಂದು ಕವೆ ಇದೆ. ಆ ಎರಡು ಕವೆಗಳೂ ಒಂದೇ ನೇರಕ್ಕೆ ಮುಖ ಮಾಡಿರಬೇಕು. ನೆಲದ ಮೇಲಿಟ್ಟರೆ ಎರಡೂ ಒಟ್ಟಿಗೆ ಮಲಗಬೇಕು. ಜಾರುವ ತುದಿಗೆ ಹದಿನಾರು ಹಲ್ಲು. ಮತ್ತೆ ಸೇರಿಸುವಾಗ ಒಂದು ಹಲ್ಲು ಆಚೀಚೆ ಕೂತರೂ ಕವೆಗಳು ಬೇರೆ ಬೇರೆ ದಿಕ್ಕು ನೋಡುತ್ತವೆ. ಒಂದು ಎಳೆದಾಗ ಇನ್ನೊಂದು ತಡೆಯುತ್ತದೆ. ನಿಧಾನದಲ್ಲಿ ಗೊತ್ತಾಗುವುದಿಲ್ಲ, ವೇಗ ಹೆಚ್ಚಿದಂತೆ ನಡುಕ. ಕೊಳವೆಯ ಮೇಲೂ ತುದಿಯ ಮೇಲೂ ಉಳಿಯಿಂದ ಒಂದೊಂದು ಬಾಣ ಹೊಡೆದಿದೆ, ಬಣ್ಣದ ಕೆಳಗೆ ಮುಚ್ಚಿಹೋಗಿರಬಹುದು. ನೀನು ಬೆಸುಗೆ ನೋಡಲು ಬಣ್ಣ ಕೆರೆದೆ, ಒಂದಂಗುಲ ಪಕ್ಕಕ್ಕೆ ಕೆರೆದಿದ್ದರೆ ಕಾಗದ ಬರೆಯುವ ಶ್ರಮ ಉಳಿಯುತ್ತಿತ್ತು. ಬಾಣಕ್ಕೆ ಬಾಣ ಕೂಡಿಸು. ನಡುಗುವುದಿಲ್ಲ. ನಡುಗಿದರೆ ನಾನು ಅಂಗಡಿ ಮುಚ್ಚುತ್ತೇನೆ, ಬರೆದು ಸಹಿ ಬೇಕಾದರೆ ನಾನೂ ಹಾಕಿ ಕಳಿಸುತ್ತೇನೆ.

ಇನ್ನು ಬೆಸುಗೆ.

ಮಾರ್ಚ್ ತಿಂಗಳಲ್ಲಿ ಒಂದು ಬೆಳಗ್ಗೆ ಎದ್ದಾಗ ಬಲಗೈ ನನ್ನ ಮಾತು ಕೇಳಲಿಲ್ಲ. ಬಾಯಿ ಸ್ವಲ್ಪ ಸೊಟ್ಟಗಾಗಿತ್ತು, ಅದು ಸರಿಹೋಯಿತು. ಕೈ ಹೋಗಲಿಲ್ಲ, ಬರಲೂ ಇಲ್ಲ. ಲೋಟ ಹಿಡಿದರೆ ಚಹಾ ಅರ್ಧ ನೆಲಕ್ಕೆ. ಈ ಕಾಗದಗಳನ್ನೆಲ್ಲ ಎಡಗೈಯಲ್ಲಿ ಬರೆದದ್ದು. ಕೋಳಿ ಕೆದಕಿದ ಹಾಗಿದೆ ಎಂದೆಯಲ್ಲ, ಕೋಳಿಗೆ ಇನ್ನೂ ಅಭ್ಯಾಸ ಸಾಲದು. ಕೋಪದಿಂದ ಗಿಡ್ಡ ಬರೆದದ್ದಲ್ಲ. ಹತ್ತು ಸಾಲಿಗೆ ಕೈ ಸೋಲುತ್ತದೆ.

ನಿನ್ನ ಅಮ್ಮನಿಗೆ ಹೇಳಿಲ್ಲ, ಯಾರಿಗೂ ಹೇಳಿಲ್ಲ. ಗಿರಾಕಿಗಳಿಗೆ ಗೊತ್ತಾದರೆ ಯಾರು ಬರುತ್ತಾರೆ? ಎರಡು ವಾರ ಬಾಗಿಲು ಹಾಕಿ ಕೂತಿದ್ದೆ. ಒಪ್ಪಿಕೊಂಡ ಒಂದು ಟ್ರೇಲರ್ ಕೆಲಸ ಅರ್ಧ ನಿಂತಿತ್ತು. ಒಂದು ಮಧ್ಯಾಹ್ನ ನಿನ್ನ ಅತ್ತೆ ಹೊಲಿಗೆ ಯಂತ್ರದಿಂದ ಎದ್ದು ಬಂದು ಹೋಲ್ಡರ್ ಎತ್ತಿಕೊಂಡಳು.

"ಇಡು ಅದನ್ನ, ಸುಟ್ಕೊಳ್ತೀಯ" ಅಂದೆ.

"ಇಪ್ಪತ್ತಾರು ವರ್ಷ ಆ ಕಿಟಕಿಯಿಂದ ನೋಡಿದೀನಿ. ನೋಡಿದ್ದು ಸಾಲದಾ?" ಅಂದಳು.

ಮೊದಲ ದಿನ ಸುಟ್ಟುಕೊಂಡಳು. ಎರಡನೇ ದಿನವೂ. ನಾನು ಸ್ಟೂಲಿನ ಮೇಲೆ ಕೂತು ಬೈಯುವುದು, ಅವಳು ಕೇಳಿಸದವಳಂತೆ ಮಾಡುವುದು. ಮೂರು ವಾರಕ್ಕೆ ನನ್ನ ಬೈಗುಳ ಮುಗಿಯಿತು. ಹೊಲಿಯುವ ಕೈ, ಅದಕ್ಕೆ ಸಮ ಹಾಕುವುದು ಗೊತ್ತು. ಟ್ರೇಲರಿನವನು ಬಂದು ನೋಡಿ, "ಮೇಸ್ತ್ರಿ, ಈ ಸಲ ನಿಮ್ಮ ಕೈ ಇನ್ನೂ ಕೂಡಿ ಬಂದಿದೆ" ಎಂದ. ಹೌದು ಎಂದೆ. ಅವಳು ಅಲ್ಲೇ ನಿಂತಿದ್ದಳು. ಹೊಲಿಗೆ ಯಂತ್ರದ ಮುಂದೆ ಹೋಗಿ ಕೂತಳು. ಆಮೇಲೂ ಆ ಮಾತು ಎತ್ತಿಲ್ಲ. ಆರು ತಿಂಗಳಿಂದ ಅವಳ ಕೆಲಸವನ್ನು ನನ್ನ ಹೆಸರಿನಲ್ಲಿ ಕಳಿಸುತ್ತಿದ್ದೇನೆ.

ನಿನ್ನ ಶಾಫ್ಟಿನ ಬೆಸುಗೆ ಅವಳದು. ಲೇತಿನ ಮೇಲೆ ತಿರುಗಿಸಿ ನಾನೇ ನೋಡಿದೆ, ನಾಲ್ಕು ಕಡೆಯೂ ಅಳತೆಯ ಮುಳ್ಳು ಅಲುಗಲಿಲ್ಲ. ನಾನು ಮಾಡಿದ್ದರೂ ಅಷ್ಟು ನೇರ ಬರುತ್ತಿರಲಿಲ್ಲ ಎಂದು ಬರೆಯಲು ಈ ಕೊನೆಯ ಸಲ ಕೂತದ್ದು.

ನಿನಗೆ ಕೊಡದದ್ದು ತಪ್ಪು. ಆಗ ಕೈ ಇತ್ತು, ಬುದ್ಧಿ ಇರಲಿಲ್ಲ.

ಮಾವ


೧೨ ಅಕ್ಟೋಬರ್ ೧೯೯೧

ಮಾವನಿಗೆ,

ನಿಮ್ಮ ಕಾಗದ ಎಂಟನೇ ತಾರೀಕು ಮಧ್ಯಾಹ್ನ ಕೈಗೆ ಬಂತು. ನಿಂತಲ್ಲೇ ಓದಿದೆ, ಆಮೇಲೆ ಕೂತು ಇನ್ನೊಮ್ಮೆ ಓದಿದೆ. ಮೊದಲು ಅತ್ತೆಗೆ ಒಂದು ಮಾತು: ನಿಮ್ಮ ಬೆಸುಗೆಯ ಬಗ್ಗೆ ಬಾಯಿಗೆ ಬಂದದ್ದು ಬರೆದದ್ದಕ್ಕೆ ಕ್ಷಮಿಸಿ. ಹಲ್ಲು ಒಂದೇ ಒಂದು ಆಚೆ ಕೂತಿತ್ತು. ಬಾಣಗಳು ಬಣ್ಣದ ಕೆಳಗೆ ಇದ್ದವು. ಬಾಣಕ್ಕೆ ಬಾಣ ಕೂಡಿಸಿ ಸಂಜೆಯೊಳಗೆ ಕಟ್ಟಿದೆ. ಮರುದಿನ ಅರವತ್ತರಲ್ಲಿ ಓಡಿಸಿದೆ. ಕ್ಯಾಬಿನ್ನಿನ ನೆಲದ ಮೇಲೆ ಅಂಗೈ ಇಟ್ಟು ನೋಡಿದೆ, ಇಂಜಿನ್ನಿನ ಸಣ್ಣ ಗುಂಯ್ ಬಿಟ್ಟರೆ ಏನಿಲ್ಲ.

ಹತ್ತನೇ ತಾರೀಕು ಸಾಹೇಬರೇ ಕ್ಯಾಬಿನ್ನಿನಲ್ಲಿ ಕೂತರು, ಕೈಯಲ್ಲಿ ನಾನು ಬರೆದುಕೊಟ್ಟ ಕಾಗದ ಇರುವ ಫೈಲು. ಹಿಂದೆ ನರ್ಸಮ್ಮ. ಹೊಳೆಯಲ್ಲಿ ಮೊಣಕಾಲು ಮಟ್ಟದ ನೀರು, ಕೆಳಗೆ ಉರುಟು ಕಲ್ಲು. ನಾಲ್ಕೂ ಚಕ್ರಕ್ಕೆ ಎಳೆತ ಕೊಟ್ಟು ಇಳಿಸಿದೆ. ಎಮ್ಮೆ ನೀರಿನಲ್ಲಿ ನಿಲ್ಲಲಿಲ್ಲ.

ಆಚೆ ದಡದಲ್ಲಿ ನಮ್ಮನ್ನು ಕಂಡು ಜನ ಓಡಿ ಬಂದರು. ಒಬ್ಬ ಕಲ್ಲು ಒಡೆಯುವವನ ಪಾದದ ಮೇಲೆ ಬಂಡೆ ಉರುಳಿ ನಾಲ್ಕು ದಿನವಾಗಿತ್ತು. ಬಟ್ಟೆ ಸುತ್ತಿ ಮಲಗಿಸಿದ್ದರು, ಜ್ವರದಲ್ಲಿ ಏನೇನೋ ಮಾತಾಡುತ್ತಿದ್ದ. ನರ್ಸಮ್ಮ ಬಟ್ಟೆ ಬಿಚ್ಚಿ ಮೂಸಿ ನೋಡಿ ಎದ್ದಳು.

"ಇವತ್ತೇ ಡಾಕ್ಟರ ಮೇಜಿನ ಮೇಲಿರಬೇಕು. ನಾಳೆ ಅಂದ್ರೆ ಕಾಲು ಇರಲ್ಲ" ಎಂದಳು.

ಪರೀಕ್ಷೆ ಅಲ್ಲಿಗೆ ಮುಗಿಯಿತು. ಅವನನ್ನು ಹಿಂದೆ ಮಲಗಿಸಿದೆವು. ಅಲುಗದಂತೆ ಕಾಲು ಹಿಡಿಯಲು ಇನ್ನೊಬ್ಬರು ಬೇಕಿತ್ತು. ಸಾಹೇಬರು ಫೈಲನ್ನು ಸೀಟಿನ ಮೇಲೆ ಬಿಟ್ಟು, ಬೂಟು ಕಳಚಿ ಹಿಂದೆ ಹತ್ತಿದರು. ವಾಪಸು ಬರುವಾಗ ಹೊಳೆಯ ನಡುವೆ ಹಿಂದಿನ ಎಡಚಕ್ರ ಒಂದು ದೊಡ್ಡ ಕಲ್ಲನ್ನು ಏರಿತು. ಆಕ್ಸೆಲ್ ಮೇಲಕ್ಕೆ ಬಂದದ್ದು ಸೀಟಿಗೆ ತಿಳಿಯಿತು. ನಾನು ಉಸಿರು ಹಿಡಿದು ಲೋಹ ಗುದ್ದುವ ಸದ್ದಿಗೆ ಕಿವಿಗೊಟ್ಟೆ. ಬರಲಿಲ್ಲ. ನನ್ನ ಮೊದಲ ಅಳತೆಗೆ ನೀವು ಶಾಫ್ಟು ಮಾಡಿಕೊಟ್ಟಿದ್ದರೆ ಡಬ್ಬಿ ಅಲ್ಲೇ ಸೀಳಿ, ಆ ಮನುಷ್ಯನ ಜೊತೆ ನಾವೆಲ್ಲ ನೀರಿನ ನಡುವೆ ನಿಂತಿರುತ್ತಿದ್ದೆವು. ಇದನ್ನು ಯಾರಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಎರಡು ಬೆರಳು ಹೋದವು, ಪಾದ ಉಳಿಯಿತು. ನಿನ್ನೆ ಎದ್ದು ಕೂತು ಗಂಜಿ ಕುಡಿದ. ಹತ್ತನೇ ತಾರೀಕು ಸಂಜೆಯೇ ಸಾಹೇಬರು ನನ್ನನ್ನು ಕರೆದು ನಾನು ಬರೆದುಕೊಟ್ಟ ಕಾಗದ ವಾಪಸು ಕೊಟ್ಟರು. "ಗುರುವಾರದ ಸುತ್ತು ಮುಂದುವರೀಲಿ. ಇದನ್ನ ನೀನೇ ಇಟ್ಕೊ" ಎಂದರು. ಅವರ ಅಂಗಿಗೆ ಹತ್ತಿದ ಕೆಸರು ಇನ್ನೂ ಹಾಗೇ ಇತ್ತು.

ಇಲ್ಲಿಂದ ಮುಂದೆ ಅತ್ತೆಗೆ. ಮಾವ, ನೀವು ಓದಬಾರದು ಎಂದರೂ ಓದುತ್ತೀರಿ, ಓದಿ.

ಅತ್ತೆ, ನಾನು ಆರು ವರ್ಷ ನಿಮ್ಮ ಹೊಲಿಗೆ ಯಂತ್ರದ ಪಕ್ಕದಲ್ಲೇ ಊಟದ ಡಬ್ಬಿ ಬಿಚ್ಚಿದವಳು. ನೀವು ಯಾಕೆ ಯಾವಾಗಲೂ ಒಳಗಡೆಗೇ ಮುಖ ಮಾಡಿ ಕೂರುತ್ತೀರಿ ಎಂದು ಒಂದು ದಿನವೂ ಕೇಳಲಿಲ್ಲ. ಬೆಳಕು ಹೊರಗಿನಿಂದ ಬರುತ್ತಿತ್ತು, ಹೊಲಿಯುವವರು ಅತ್ತ ತಿರುಗಬೇಕಿತ್ತು. ಈಗ ಅರ್ಥವಾಯಿತು.

ಇದರ ಜೊತೆ ಒಂದು ಸರ್ಕಾರಿ ಕಾಗದ ಇದೆ. ಎಮ್ಮೆಯ ಮುಂದಿನ ಶಾಫ್ಟೂ ಸವೆದಿದೆ, ಅದನ್ನು ಹೊಸದಾಗಿ ಮಾಡಬೇಕು. ಕೆಲಸ ಮಾಡುವವರ ಹೆಸರು ಬರೆಯುವ ಜಾಗದಲ್ಲಿ ನಿಮ್ಮ ಹೆಸರು ಬರೆಸಿದ್ದೇನೆ. ಗುಮಾಸ್ತ, "ಇವರು ಯಾರು?" ಎಂದು ಕೇಳಿದ. "ಹೊಳೆ ದಾಟಿಸಿದವರು" ಎಂದೆ. ನಿಮಗೆ ಬೇಡ ಎನ್ನಿಸಿದರೆ ಹರಿದು ಹಾಕಿ, ಆದರೆ ನಿಮ್ಮ ಕೈಯಿಂದಲೇ ಹರಿಯಬೇಕು.

ಇನ್ನೊಂದು. ನನಗೆ ಹತ್ತು ದಿನ ರಜೆ ಸಿಕ್ಕಿದೆ. ಬರಲೇ?


೧೯ ಅಕ್ಟೋಬರ್ ೧೯೯೧

ಮಗಳೇ,

ನಾನು ಕಾಗದ ಬರೆದು ಎಷ್ಟು ಕಾಲವಾಯಿತೋ. ತಪ್ಪಿದ್ದರೆ ತಿದ್ದಿಕೊಂಡು ಓದು.

ನಿನ್ನ ಕಾಗದವನ್ನು ಅವರೇ ನನಗೆ ಓದಿ ಹೇಳಿದರು. ನನಗೆ ಬರೆದ ಭಾಗ ಬಂದಾಗ, "ಇದು ನಿನ್ನದು, ನೀನೇ ಓದ್ಕೊ" ಎಂದು ಕೊಟ್ಟು ಹೊರಗೆ ಹೋಗಿ ನಿಂತರು. ಸರ್ಕಾರಿ ಕಾಗದ ಹರಿದಿಲ್ಲ. ಸಹಿ ಮಾಡಿದ್ದೇನೆ. ಮೊದಲ ಸಲ ಹೆಸರು ಗೆರೆಯಿಂದ ಹೊರಗೆ ಹೋಯಿತು, ಪಕ್ಕದಲ್ಲಿ ಇನ್ನೊಂದು ಸಲ ಹಾಕಿದೆ. ನಡೆಯುತ್ತದೋ ಇಲ್ಲವೋ ಗುಮಾಸ್ತರನ್ನು ಕೇಳು.

ಮೊನ್ನೆ ಟ್ರೇಲರಿನವನು ಇನ್ನೊಂದು ಕೆಲಸ ತಂದ. ನಾನು ಒಳಗೆ ಪೈಪು ಉಜ್ಜುತ್ತಿದ್ದೆ. ಅವನು ಎಂದಿನ ಹಾಗೆ, "ಮೇಸ್ತ್ರಿ, ಯಾವಾಗ ಕೊಡ್ತೀರಿ?" ಎಂದು ಇವರನ್ನು ಕೇಳಿದ. ಇವರು ಸ್ಟೂಲಿನಿಂದ ಏಳಲಿಲ್ಲ. ಜೇಬಿನಲ್ಲಿ ಅಡಗಿಸಿಕೊಳ್ಳುವ ಬಲಗೈಯನ್ನು ಹೊರತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. "ಮೇಸ್ತ್ರಿ ಅಲ್ಲಿದಾಳೆ, ಅವಳನ್ನ ಕೇಳಿ" ಎಂದರು. ಅವನು ಕೈ ನೋಡಿದ, ನನ್ನ ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಅದೇ ಪ್ರಶ್ನೆ ಕೇಳಿದ. ಮಂಗಳವಾರ ಎಂದೆ. ಸರಿ ಎಂದು ಕೆಲಸ ಇಳಿಸಿ ಹೋದ. ಇಷ್ಟೇ ನಡೆದದ್ದು. ನನಗೆ ಆ ದಿನ ಊಟ ಸೇರಲಿಲ್ಲ, ಸಂತೋಷಕ್ಕೂ ಹಾಗಾಗುತ್ತದೆ ಎಂದು ಗೊತ್ತಿರಲಿಲ್ಲ.

ನೀನು ಬರುವುದಕ್ಕೂ ಕೇಳಬೇಕೇ? ಬಾ. ಅವರು ಬಾಯಿ ಬಿಟ್ಟು ಏನೂ ಹೇಳಿಲ್ಲ. ಆದರೆ ನಿನ್ನೆ ಎಡಗೈಯಲ್ಲಿ ಚೀಲ ಹಿಡಿದು ಒಬ್ಬರೇ ಪೇಟೆಗೆ ಹೋಗಿ, ವೆಲ್ಡಿಂಗ್ ಮಾಡುವಾಗ ಮುಖಕ್ಕೆ ಹಿಡಿಯುವ ಪರದೆ ಹೊಸದೊಂದು ತಂದರು. ನನ್ನದಕ್ಕೆ ಏನೂ ಆಗಿಲ್ಲ, ಚೆನ್ನಾಗೇ ಇದೆ. ಯಾರಿಗೆ ಎಂದು ನಾನು ಕೇಳಲಿಲ್ಲ. ಅದನ್ನು ನನ್ನದರ ಪಕ್ಕದಲ್ಲಿ ತೂಗುಹಾಕಲೆಂದು ಗೋಡೆಗೆ ಮೊಳೆ ಹೊಡೆಯಲು ಬೆಳಗಿನಿಂದ ಒದ್ದಾಡುತ್ತಿದ್ದಾರೆ. ಎಡಗೈ ಸುತ್ತಿಗೆ, ಹೆಬ್ಬೆರಳು ಆಗಲೇ ಎರಡು ಸಲ ಜಜ್ಜಿಕೊಂಡರು. ನಾನು ಹೊಡೆದುಕೊಡುತ್ತೇನೆ ಎಂದರೆ ಬೇಡವಂತೆ.

ಬಸ್ಸು ಬೆಳಗ್ಗೆ ಆರೂವರೆಗೆ ಬರುತ್ತದೆ. ಒಂದು ಹಳೆಯ ಉದ್ದ ತೋಳಿನ ಅಂಗಿ ತಾ. ಕಿಡಿ ಹಾರಿದರೆ ಹೊಸದು ಹಾಳಾಗುತ್ತದೆ.

ಅತ್ತೆ